ಯಾರೂ ಮುಟ್ಟದ ಫೈಲು

ಹೊಸ ಕೋಡ್ ಬರೆಯುವುದಕ್ಕಿಂತ ಹಳೆಯದನ್ನು ಓದುವುದೇ ನನಗೆ ಹೆಚ್ಚು ಇಷ್ಟ. ಹತ್ತಾರು ಜನ ಬರೆದು, ತಿದ್ದಿ, ಬೇರೆ ಕೆಲಸ ಹಿಡಿದು ಹೋದಮೇಲೂ ದಿನವೂ ಓಡುತ್ತಿರುವ ಪ್ರೋಗ್ರಾಂ ಕೈಗೆ ಬಂದರೆ, ಮೊದಲು ಗಿಟ್‌ನಲ್ಲಿ ಅದರ ಚರಿತ್ರೆ ತೆರೆದು ಕೂರುತ್ತೇನೆ. ಪ್ರತಿ ರಿಲೀಸಿಗೂ ತಿದ್ದಿಸಿಕೊಳ್ಳುವ ಫೈಲು ಯಾವುದು? ಯಾವ ನಂಟೂ ಕಾಣದ ಎರಡು ಫೈಲುಗಳು ಸದಾ ಒಟ್ಟಿಗೇ ಏಕೆ ಬದಲಾಗುತ್ತಿವೆ? ಬಿಲ್ ಲೆಕ್ಕದಲ್ಲಿ ಒಂದು ಸಾಲು ಬದಲಿಸಿದಾಗೆಲ್ಲ ಇಮೇಲ್ ಕಳಿಸುವ ಕಡೆಯೂ ಕೈಯಾಡಿಸಬೇಕಾಗಿದ್ದರೆ, ಕೆಡುಕು ಅಲ್ಲೇ ಬೇರುಬಿಟ್ಟಿದೆ.

ಆಮೇಲೆ ಫಂಕ್ಷನ್‌ಗಳು. ಹತ್ತು ಸಾಲಿನಲ್ಲಿ ಹುಟ್ಟಿದ್ದಕ್ಕೆ ಯಾರೋ ಗ್ರಾಹಕರಿಗಾಗಿ ಒಂದು ‘ಇಫ್’, ಹಬ್ಬದ ರಿಯಾಯಿತಿಗೆ ಇನ್ನೊಂದು, ಕೊನೆಗೆ ನಾಲ್ಕಾರು ಫ್ಲ್ಯಾಗ್‌ಗಳು. ಇಂಥ ಕವಲುಗಳನ್ನು ಎಣಿಸುವ ಅಳತೆಯನ್ನು ಥಾಮಸ್ ಮಕೇಬ್ 1976ರಲ್ಲೇ ಕೊಟ್ಟರು. ನಾನೂ ಬಳಸುತ್ತೇನೆ. ಆದರೂ ಭಯದ ಗುರುತುಗಳನ್ನೇ ಹೆಚ್ಚು ನಂಬುತ್ತೇನೆ: ಇದ್ದ ಫಂಕ್ಷನ್ ತಿದ್ದಲು ಹೆದರಿ, ನಕಲು ಮಾಡಿ, ಹೆಸರಿನ ತುದಿಗೆ ‘2’ ಅಂಟಿಸಿರುವುದು, ಫೇಲಾಗುತ್ತಿದ್ದ ಟೆಸ್ಟನ್ನು ಕಾಮೆಂಟ್ ಮಾಡಿ ಬಾಯಿ ಮುಚ್ಚಿಸಿರುವುದು, ‘ಏಕೆಂದು ಗೊತ್ತಿಲ್ಲ, ತೆಗೆಯಬೇಡಿ’ ಎಂಬ ಟಿಪ್ಪಣಿ.

ಬರೆದವರ ಮೇಲೆ ನನಗೆ ಸಿಟ್ಟಿಲ್ಲ; ಕೋಡ್ ಹೀಗೆ ಸಿಕ್ಕಾಗುವುದು ಸಹಜ. ಐಬಿಎಂನ ಆಪರೇಟಿಂಗ್ ಸಿಸ್ಟಂ ಓಎಸ್/360 ಬೆಳೆದ ಬಗೆಯನ್ನು ಲಾಸ್ಲೊ ಬೆಲಾಡಿಯವರ ಜೊತೆ ಅಭ್ಯಾಸ ಮಾಡಿದ ಮೀರ್ ಲೇಮನ್ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಬಳಕೆಯಲ್ಲಿರುವ ಪ್ರೋಗ್ರಾಂ ಬದಲಾಗುತ್ತಲೇ ಇರಬೇಕು. ಬದಲಾದಷ್ಟೂ, ಯಾರಾದರೂ ಬಿಡಿಸಲು ಕೂರದಿದ್ದರೆ, ಸಿಕ್ಕು ಹೆಚ್ಚುತ್ತದೆ.

ಬಿಡಿಸದೆ ಬಿಟ್ಟರೆ ಏನಾಗುತ್ತದೆಂದು 2012ರ ಆಗಸ್ಟ್ 1ರಂದು ಅಮೆರಿಕದ ಷೇರುಪೇಟೆ ಕಂಡಿತು. ನೈಟ್ ಕ್ಯಾಪಿಟಲ್ ಸಂಸ್ಥೆ 2003ರಲ್ಲೇ ಬಳಕೆ ನಿಲ್ಲಿಸಿದ ‘ಪವರ್ ಪೆಗ್’ ಕೋಡನ್ನು ಅಳಿಸದೆ ಬಿಟ್ಟಿತ್ತು. ಅದನ್ನು ಚಾಲೂ ಮಾಡುತ್ತಿದ್ದ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಹಚ್ಚಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲೇ ಇಲ್ಲ. ಅಲ್ಲಿ ಹಳೆಯದು ಎದ್ದು ಕೂತು, ಸುಮಾರು 45 ನಿಮಿಷ ಒಂದೇ ಸಮನೆ ಆರ್ಡರ್ ಕಳಿಸಿತು. ನಷ್ಟ 46 ಕೋಟಿ ಡಾಲರಿಗೂ ಮಿಗಿಲು. ಆ ಘಟನೆಯ ತನಿಖೆಯ ವಿವರ ಓದಿದ ಮೇಲೆ, ಯಾರೂ ಕರೆಯದ ಫಂಕ್ಷನ್ ಕಂಡರೆ ನನಗೆ ಸುಮ್ಮನಿರಲಾಗದು.

ಅಳಿಸುವುದಕ್ಕೂ ಒಂದು ಕ್ರಮವಿದೆ. ಪ್ರೋಗ್ರಾಂ ಈಗ ಹೇಗೆ ನಡೆಯುತ್ತಿದೆಯೋ ಹಾಗೇ, ಅದರ ವಿಚಿತ್ರಗಳ ಸಮೇತ, ಟೆಸ್ಟ್‌ಗಳಲ್ಲಿ ಹಿಡಿದಿಡುತ್ತೇನೆ. ಆಮೇಲೆ ನಕಲುಗಳನ್ನು ಒಂದಾಗಿಸಿ, ಫ್ಲ್ಯಾಗ್‌ಗಳನ್ನು ಒಂದೊಂದಾಗಿ ಕಳಚುವುದು. ಅವಸರ ಕೂಡದು, ಒಂದು ಕಮಿಟ್‌ಗೆ ಒಂದೇ ಬದಲಾವಣೆ. ತೆಗೆದ ಸಾಲುಗಳು ತೆರೆಯ ಮೇಲೆ ಕೆಂಪಾಗಿ ಪುಟಗಟ್ಟಲೆ ಹರಡಿ, ಟೆಸ್ಟ್‌ಗಳೆಲ್ಲ ಪಾಸಾದರೆ ಅವತ್ತಿನ ಊಟವೇ ಹೆಚ್ಚು ರುಚಿ.