ಆ ಸಿಸ್ಟರ್ ಜೊತೆ ಮಾತಾಡುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಓದಿದೆ. ವಾರ್ಡ್ ಇನ್‌ಚಾರ್ಜ್ ಆದ ಸಂತೋಷಕ್ಕಿಂತ ಆ ಹಿರಿಯ ಸ್ಟಾಫ್ ನರ್ಸ್ ಬಗೆಗಿನ ಸಂಕಟವೇ ಅದರ ತುಂಬ ಇದೆ. ಯಾರಿಗೂ ಸಿಗದ ನರ ಅವರ ಕೈಗೆ ಸಿಗುತ್ತದೆ; ಆದರೆ ಹೊಸ ಹುಡುಗಿಯರು ಏನಾದರೂ ಕೇಳಿದರೆ ರೋಗಿಗಳ ಎದುರೇ ಗದರುತ್ತಾರೆ ಅಂದಿದ್ದೀಯ. ಅವರ ಸ್ವಭಾವವೇ ಅಷ್ಟು ಅಂತ ಸುಮ್ಮನಾಗಬೇಡ. ಗದರಿಸಿಕೊಂಡವಳು ಮುಂದಿನ ಸಲ ಡೋಸ್ ಬಗ್ಗೆ ಅನುಮಾನ ಬಂದರೂ ಬಾಯಿ ಬಿಡುವುದಿಲ್ಲ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ 1996ರಲ್ಲಿ ಬರೆದಿದ್ದರು. ಒಳ್ಳೆಯ ಮುಖ್ಯಸ್ಥರಿದ್ದ ಕಡೆಯೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿನವರು ಹೆದರದೆ ಹೇಳಿಕೊಳ್ಳುತ್ತಿದ್ದರು ಎಂಬುದೇ ಎಡ್ಮಂಡ್ಸನ್ ಕಂಡ ಕಾರಣ. ನಿನ್ನ ವಾರ್ಡಿನಲ್ಲಿ ತಪ್ಪಿನ ರಿಪೋರ್ಟೇ ಬರುತ್ತಿಲ್ಲ ಅಂತ ಸಮಾಧಾನದಿಂದ ಬರೆದಿದ್ದೀಯಲ್ಲ, ನನಗೆ ಭಯವಾದದ್ದು ಅದನ್ನು ಓದಿಯೇ.

ಆ ಸಿಸ್ಟರ್ ಜೊತೆ ಹ್ಯಾಂಡ್ ಓವರ್ ಹೊತ್ತಿನಲ್ಲಿ ಈ ಮಾತು ಎತ್ತಬೇಡ, ಎಲ್ಲರ ಕಿವಿಯೂ ಅಲ್ಲೇ ಇರುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆಯೂ ಬೇಡ. ಹಗಲು ಡ್ಯೂಟಿ ಮುಗಿದ ಮೇಲೆ ನಿನ್ನ ರೂಮಿಗೆ ಕರೆದು ಕೂರಿಸು. ‘ನೀವು ಒರಟು’ ಅನ್ನಬೇಡ. ‘ಮಂಗಳವಾರ ಆ ಹುಡುಗಿ ಇನ್ಸುಲಿನ್‌ಗೆ 40ರ ಸಿರಿಂಜೋ 100ರದ್ದೋ ಅಂತ ಕೇಳಿದಾಗ, ಇಷ್ಟೂ ಗೊತ್ತಿಲ್ವಾ ಅಂದ್ರಿ. ಅವಳು ಮತ್ತೆ ಕೇಳದೆ ಕೈಗೆ ಸಿಕ್ಕಿದ್ದನ್ನೇ ತಗೊಂಡಳು’ ಅನ್ನು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ ಅಂತ ಅವರಿಗೆ ನೀನು ವಿವರಿಸಬೇಕಾಗಿಲ್ಲ. ಮೈ ಬೆವತು ಬಿದ್ದ ರೋಗಿಗಳನ್ನು ಅವರು ನಿನಗಿಂತ ಹೆಚ್ಚು ನೋಡಿದ್ದಾರೆ.

ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು, ಅದೂ 1996ರಲ್ಲೇ, ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಮೂರರಲ್ಲೊಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಕೇಳುವವರ ಗಮನ ಕೆಲಸ ಬಿಟ್ಟು ತಮ್ಮ ಮಾನದ ಕಡೆ ಹೊರಳಿದರೆ ಹೀಗಾಗುತ್ತದೆ ಎಂದರು. ನಾನು ಡ್ಯೂಟಿಯಲ್ಲಿದ್ದ ಕಾಲದಲ್ಲಿ ಕಂಡದ್ದೂ ಅದನ್ನೇ.

ಹೊಗಳಿಕೆಯಲ್ಲಿ ಸುತ್ತಿ ಹೇಳುವುದಂತೂ ಬೇಡವೇ ಬೇಡ. ಅವರ ಕೈಚಳಕವನ್ನು ಇನ್ನೊಂದು ದಿನ ಎಲ್ಲರೆದುರು ಮೆಚ್ಚು, ಕ್ಯಾನುಲಾ ಹಾಕುವುದನ್ನು ಹುಡುಗಿಯರಿಗೆ ಕಲಿಸಲು ಕೇಳು.

ಹೇಳಿ ಮುಗಿಸಿದ ಮೇಲೆ ಸುಮ್ಮನಿರು. ಅದೇ ಕಷ್ಟ. ಅವರು ಅಳಬಹುದು, ‘ನಿನ್ನೆ ಮೊನ್ನೆ ಬಂದವಳು’ ಅನ್ನಬಹುದು. ನೀರು ಕೊಡು, ಆಡಿದ ಮಾತು ಹಿಂತೆಗೆದುಕೊಳ್ಳಬೇಡ. ಇಡೀ ವಾರ್ಡನ್ನು ಇಬ್ಬರೇ ನೋಡುವ ರಾತ್ರಿಗಳ ಬಗ್ಗೆ ಹೇಳಿದರೆ ಬರೆದುಕೋ. ಅದನ್ನು ಸರಿಮಾಡಿಸಬೇಕಾದವಳು ನೀನು.

ಮತ್ತೆ ಹಾಗೇ ನಡೆದರೆ ದಿನಾಂಕ ಹಾಕಿ ಬರೆದಿಟ್ಟು ನರ್ಸಿಂಗ್ ಸೂಪರಿಂಟೆಂಡೆಂಟ್ ಮುಂದಿಡುತ್ತೇನೆ ಅಂತ ಅವರಿಗೇ ಮೊದಲು ಹೇಳು. ಬೆನ್ನ ಹಿಂದೆ ಏನೂ ಬೇಡ. ಮಾತಾಡಿದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ
ದೊಡ್ಡಮ್ಮ