ಸರಸ್ವತೀಪುರಂನ ಸರ್ವರ್‌ಗಳು

2005ರ ಸುಮಾರಿಗೆ ಮೈಸೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಕಚೇರಿ ಎಂದರೆ ಮನೆಯ ಮೇಲಿನ ಮಹಡಿ, ಎರಡು ಮೂರು ಕಂಪ್ಯೂಟರ್, ಒಂದು ಯುಪಿಎಸ್. ಹೆಬ್ಬಾಳದ ಕಡೆ ಇನ್ಫೋಸಿಸ್ ತರಬೇತಿ ಕೇಂದ್ರ ಏಳುತ್ತಿದ್ದ ಕಾಲ ಅದು. ಸರಸ್ವತೀಪುರಂ, ಕುವೆಂಪುನಗರದ ನಮ್ಮ ಸಣ್ಣ ಕಚೇರಿಗಳ ಲೋಕ ಬೇರೆ. ಲಾಡ್ಜಿನವರು, ಕಲ್ಯಾಣಮಂಟಪದವರು, ಊದುಬತ್ತಿ ರಫ್ತುದಾರರು, ಶಾಲೆಗಳು, ಯೋಗ ಕಲಿಯಲು ಗೋಕುಲಂಗೆ ಬರುವ ವಿದೇಶಿಯರಿಗೆ ಕೋಣೆ ಬಾಡಿಗೆ ಕೊಡುವವರು ನಮ್ಮ ಗಿರಾಕಿಗಳು. ಎಲ್ಲರಿಗೂ ನಾವು ಬರೆಯುತ್ತಿದ್ದುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಜನರ ಕೈಗೆ ಕೊಟ್ಟ ಪಿಎಚ್‌ಪಿಯನ್ನು ಆರಿಸಿಕೊಳ್ಳಲು ನಮಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ವರ್ಷಕ್ಕೆ ಸ್ವಲ್ಪ ಹಣ ಕಟ್ಟಿದರೆ ಸಿಗುವ ಹಂಚಿಕೆಯ ಹೋಸ್ಟಿಂಗ್‌ನಲ್ಲೂ ಅದು ಓಡುತ್ತಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ಜ್ಯಾಂಪ್ ಹಾಕಿಕೊಂಡು ಬರೆಯುವುದು, ಮುಗಿದ ಮೇಲೆ ಫೈಲ್‌ಜಿಲ್ಲಾದಲ್ಲಿ ಫೈಲುಗಳನ್ನು ಸರ್ವರಿಗೆ ಏರಿಸುವುದು. ಕೆಲಸ ಅಷ್ಟೇ. ಏರಿಸಿದ ಮೇಲೆ ಪುಟ ಬೆಳ್ಳಗೆ ಖಾಲಿ ಬಂದರೆ ಎಲ್ಲ ಕಚೇರಿಗಳಲ್ಲೂ ಕೇಳಿಬರುತ್ತಿದ್ದುದು ಒಂದೇ ಮಾತು: "ನನ್ನ ಸಿಸ್ಟಮ್‌ನಲ್ಲಿ ಚೆನ್ನಾಗೇ ಓಡ್ತಿದೆ ಸಾರ್."

ಹುಡುಗರು ಹೇಳುತ್ತಿದ್ದುದು ನಿಜವೇ. ಅವರ ಯಂತ್ರದಲ್ಲಿ ಪಿಎಚ್‌ಪಿ 5.3, ಸರ್ವರಿನಲ್ಲಿ 5.2. ಇಲ್ಲಿ ಇದ್ದ, ಚಿತ್ರಗಳನ್ನು ಸಂಸ್ಕರಿಸುವ ಜಿಡಿ ಎಕ್ಸ್‌ಟೆನ್ಷನ್ ಅಲ್ಲಿ ಇಲ್ಲ. ಹಳೆಯ ಕೋಡ್ ನೆಚ್ಚಿಕೊಂಡಿದ್ದ ರಿಜಿಸ್ಟರ್ ಗ್ಲೋಬಲ್ಸ್, ಮ್ಯಾಜಿಕ್ ಕೋಟ್ಸ್ ಎಂಬ ಎರಡು ಸೌಲಭ್ಯಗಳನ್ನೂ 2012ರ 5.4 ಆವೃತ್ತಿಯಲ್ಲಿ ಕಿತ್ತುಹಾಕಿದರು. ಯಾವ ಗಿರಾಕಿಯ ಸರ್ವರಿನಲ್ಲಿ ಏನನ್ನು ತಿದ್ದಿದೆ, ಏಕೆ ತಿದ್ದಿದೆ ಎಂಬುದು ಕಚೇರಿಯ ಒಬ್ಬಿಬ್ಬರ ತಲೆಯಲ್ಲಿ ಮಾತ್ರ ಇರುತ್ತಿತ್ತು. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ರೈಲು ಹತ್ತಿದರೆ ಆ ತಿಳಿವಳಿಕೆಯೂ ರೈಲು ಹತ್ತಿತು. ಮೈಸೂರಿನ ಸಣ್ಣ ಕಚೇರಿಗಳು ಅನುಭವಿಸಿದ ನಿಜವಾದ ನಷ್ಟ ಇದು. ಹಣದ ನಷ್ಟಕ್ಕಿಂತ ದೊಡ್ಡದು.

ಕನ್ನಡದ ಪಾಡು ಇನ್ನೊಂದು ಬಗೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಬಹಳ ಕಾಲ ತಾನಾಗಿ ಬರುತ್ತಿದ್ದ ಅಕ್ಷರ ವ್ಯವಸ್ಥೆ ಲ್ಯಾಟಿನ್-1. 2018ರಲ್ಲಿ ಬಂದ 8.0ರಲ್ಲಷ್ಟೇ ಅದು ಪೂರ್ತಿ ಯೂನಿಕೋಡ್ ಆಯಿತು. ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ನಡೆಯುತ್ತಿದ್ದುದರಿಂದ ಪುಟದಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. ಬೇರೆ ಸರ್ವರಿಗೆ ಸಾಗಿಸಿದ ದಿನ ಕಲ್ಯಾಣಮಂಟಪದ ಹೆಸರಿದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಂಗ್ಲಿಷ್ ಪುಟಗಳಿಗೆ ಏನೂ ಆಗದ ಕಾರಣ ದೂರದ ಹೋಸ್ಟಿಂಗ್‌ನವರಿಗೆ ತೊಂದರೆ ಏನೆಂದು ಅರ್ಥ ಮಾಡಿಸುವುದೇ ಒಂದು ಕೆಲಸವಾಗುತ್ತಿತ್ತು.

2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ಕ್ಯಾಲಿಫೋರ್ನಿಯಾದ ಪೈಕಾನ್ ಸಮ್ಮೇಳನದಲ್ಲಿ ಐದೇ ನಿಮಿಷ ಮಾತಾಡಿ, ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಂಟೇನರಿನಲ್ಲಿ ಕಟ್ಟಿ ಓಡಿಸುವ ಡಾಕರ್ ತೋರಿಸಿದರು. ಸರಸ್ವತೀಪುರಂಗೆ ಅದು ಬಂದು ಮುಟ್ಟಲು ಕೆಲವು ವರ್ಷ ಹಿಡಿಯಿತು. ನಮ್ಮಲ್ಲಿ ಬಹುತೇಕ ಕಂಪ್ಯೂಟರುಗಳು ನಾಲ್ಕು ಜಿಬಿ ರ್‍ಯಾಮ್‌ನ ವಿಂಡೋಸ್ ಯಂತ್ರಗಳು. ಕಂಟೇನರ್ ಓಡಿಸಲು ಅವುಗಳೊಳಗೆ ಮೊದಲು ಒಂದು ಲಿನಕ್ಸ್ ವರ್ಚುವಲ್ ಯಂತ್ರ ಎಬ್ಬಿಸಬೇಕು. ಅದು ಎದ್ದ ಮೇಲೆ ಬ್ರೌಸರ್ ತೆರೆಯಲು ಜಾಗವಿರುತ್ತಿರಲಿಲ್ಲ. ಯಂತ್ರಕ್ಕೇ ಉಬುಂಟು ಲಿನಕ್ಸ್ ಹಾಕಿಕೊಂಡವರು ಮೊದಲು ಗೆದ್ದರು. ಕಂಟೇನರಿಗೆ ತನ್ನದೇ ಕರ್ನಲ್ ಬೇಡ, ಯಂತ್ರದ ಲಿನಕ್ಸ್ ಕರ್ನಲನ್ನೇ ಹಂಚಿಕೊಂಡು ತನ್ನ ಫೈಲುಗಳು, ತನ್ನ ಪ್ರೋಸೆಸ್‌ಗಳು ಮಾತ್ರ ಕಾಣುವಂತೆ ಬೇಲಿ ಹಾಕಿಕೊಳ್ಳುತ್ತದೆ ಎಂದು ಕಣ್ಣಾರೆ ಕಂಡದ್ದು ಆಗಲೇ.

ಡಾಕರ್‌ಫೈಲ್ ಎಂಬ, ಕಂಟೇನರಿನ ಅಚ್ಚಾದ ಇಮೇಜನ್ನು ಕಟ್ಟಿಕೊಡುವ ಹತ್ತು ಹದಿನೈದು ಸಾಲುಗಳ ಕಡತದಲ್ಲಿ ಎಲ್ಲವೂ ಬರಹಕ್ಕೆ ಇಳಿಯಿತು. ಯಾವ ಪಿಎಚ್‌ಪಿ, ಯಾವ ಎಕ್ಸ್‌ಟೆನ್ಷನ್, ಅಪ್‌ಲೋಡ್ ಮಿತಿ ಎಷ್ಟು, ಸಮಯ ವಲಯ ಯಾವುದು. ಯಾರದೋ ತಲೆಯಲ್ಲಿದ್ದದ್ದು ಗಿಟ್‌ಗೆ ಸೇರಿತು. ಹೊಸದಾಗಿ ಸೇರಿದ ಹುಡುಗಿ ಮೊದಲ ದಿನ ಮಧ್ಯಾಹ್ನದ ಊಟದೊಳಗೆ ಇಡೀ ಪ್ರಾಜೆಕ್ಟ್ ತನ್ನ ಯಂತ್ರದಲ್ಲಿ ಓಡಿಸಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಮೊದಲು ಅದಕ್ಕೆ ವಾರ ಹಿಡಿಯುತ್ತಿತ್ತು.

ಕಷ್ಟಗಳೂ ಹೊಸವು. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಒಂದು ಕಂಟೇನರ್, ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಇನ್ನೊಂದು, ನಡುವೆ 9000ನೇ ಪೋರ್ಟ್. ಒಂದಕ್ಕೆ ಕಾಣುವ ಫೈಲು ಇನ್ನೊಂದಕ್ಕೆ ಕಾಣದಿದ್ದರೆ ಪುಟವಿಲ್ಲ. ವೆಬ್ ಸರ್ವರಿನ ಬಳಕೆದಾರನ ಸಂಖ್ಯೆ ಡೆಬಿಯನ್ ಇಮೇಜಿನಲ್ಲಿ 33, ಆಲ್ಪೈನ್ ಇಮೇಜಿನಲ್ಲಿ 82. ಇಮೇಜ್ ಸಣ್ಣದಾಗಲಿ ಎಂದು ಆಲ್ಪೈನ್‌ಗೆ ಹೋದವರಿಗೆ ನಿನ್ನೆಯವರೆಗೆ ಏರುತ್ತಿದ್ದ ಫೋಟೊ ಇವತ್ತು ಏರುತ್ತಿರಲಿಲ್ಲ. ಏರಿದ ಫೋಟೊಗಳನ್ನು ಕಂಟೇನರಿನ ಹೊರಗೆ ಉಳಿಯುವ ವಾಲ್ಯೂಮಿನಲ್ಲಿ ಇಡದಿದ್ದರೆ ಹೊಸ ಇಮೇಜ್ ಹಾಕಿದ ಕೂಡಲೇ ಅವೂ ಮಾಯ. ರಸೀದಿಯ ಪಿಡಿಎಫ್ ಕಂಟೇನರಿನೊಳಗಿಂದ ಬಂದಾಗ ಕನ್ನಡವಿದ್ದ ಕಡೆ ಖಾಲಿ ಚೌಕಗಳು, ಏಕೆಂದರೆ ಅಷ್ಟು ಬೋಳು ಇಮೇಜಿನಲ್ಲಿ ಕನ್ನಡ ಫಾಂಟೇ ಇಲ್ಲ. ಲೋಹಿತ್ ಕನ್ನಡ ಫಾಂಟನ್ನು ಹಾಕುವ ಒಂದು ಸಾಲನ್ನು ಡಾಕರ್‌ಫೈಲಿಗೆ ಸೇರಿಸಿದೆವು. ಅಂದಿನಿಂದ ಅದು ನಮ್ಮ ಪ್ರತಿ ಪ್ರಾಜೆಕ್ಟಿನಲ್ಲೂ ಇದೆ. ಕನ್ನಡಕ್ಕೆ ಬೇಕಾದ್ದನ್ನು ನಾವೇ ಬರೆದಿಡಬೇಕು, ಬೇರೆ ಯಾರೂ ಬರೆಯುವುದಿಲ್ಲ.

ಕಂಟೇನರಿನ ಇದೇ ದಾರಿಯಲ್ಲಿ ಕನ್ನಡದ ಬಹು ದೊಡ್ಡ ಪಿಎಚ್‌ಪಿ ತಾಣಗಳೂ ಸಾಗಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಓಡುವುದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯ ಮೇಲೆ, ಕನ್ನಡ ವಿಕಿಸೋರ್ಸ್ ಕೂಡ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟ ಕನ್ನಡ ವಿಶ್ವಕೋಶ ಸೇರಿದ್ದು ಆ ವಿಕಿಸೋರ್ಸಿಗೆ. ವಿಕಿಮೀಡಿಯದವರು ಈಚಿನ ವರ್ಷಗಳಲ್ಲಿ ತಮ್ಮ ಮೀಡಿಯಾವಿಕಿಯನ್ನು ಕುಬರ್ನೆಟೀಸ್ ನಡೆಸುವ ಕಂಟೇನರುಗಳಿಗೆ ಸಾಗಿಸಿದ್ದಾರೆ. ಆ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ವಿದ್ವಾಂಸರು ದಶಕಗಳ ಕಾಲ ಕೂಡಿಸಿದ ಬರಹ ಇವತ್ತು ಕಂಟೇನರಿನೊಳಗಿಂದ ಓದುಗರಿಗೆ ಬರುತ್ತಿದೆ. ನಮ್ಮ ಊರಿನ ಯುವಕರಿಗೆ ಇದನ್ನು ಹೇಳುವಾಗ ನನಗೆ ಹೆಮ್ಮೆ.

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಕ್ಕೂ ಸಿದ್ಧ. ಪಿಎಚ್‌ಪಿ 5.6ಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2018ರ ಕೊನೆಗೆ. ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು 2015ರ ಪಿಎಚ್‌ಪಿ 7ರಲ್ಲೇ ಹೋದವು. ಹೊಸದಾಗಿ ಬರೆಯುವ ಖರ್ಚು ಬೇಡವೆಂದು ಅಂಥ ಕೋಡನ್ನು 5.6ರ ಕಂಟೇನರಿನಲ್ಲಿ ಕೂರಿಸಿ, ಪಕ್ಕದಲ್ಲೇ ಪಿಎಚ್‌ಪಿ 8 ಓಡಿಸಿ, ಸಮಸ್ಯೆ ಮುಗಿಯಿತೆನ್ನುವವರು ನಗರದಲ್ಲಿ ಬಹಳ ಮಂದಿ. ಹೊಸದಾಗಿ ಬರೆಯಲು ಕಂಟೇನರ್ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ಕೋಡಿನ ತೂತು ಹಾಗೇ ಇರುತ್ತದೆ, ಅದರ ಹಿಂದೆ ಶಾಲೆಯ ಮಕ್ಕಳ ವಿಳಾಸಗಳು, ಫೋನ್ ನಂಬರುಗಳು ಇರುತ್ತವೆ. ಅಂಥ ಕೆಲಸ ಒಪ್ಪಿಕೊಂಡಾಗ ಹೊಸ ಕೋಡಿಗೆ ಹೋಗುವ ತಾರೀಖನ್ನು ಕರಾರಿನಲ್ಲೇ ಬರೆಸುತ್ತೇನೆ. ಒಪ್ಪದವರಿಗೆ ಮಾಡಿಕೊಡುವುದಿಲ್ಲ.

ಕೆಲಸ ಮುಗಿದ ಮೇಲೆ ಗಿರಾಕಿಗೆ ಈಗ ಕೋಡಿನ ಜೊತೆ ಡಾಕರ್‌ಫೈಲ್, ಕಂಟೇನರುಗಳನ್ನು ಜೋಡಿಸುವ ಕಂಪೋಸ್ ಫೈಲ್, ಡೇಟಾಬೇಸಿನ ಬ್ಯಾಕಪ್ ತೆಗೆಯುವ ಕ್ರಮ ಎಲ್ಲವನ್ನೂ ಒಪ್ಪಿಸುತ್ತೇವೆ. ನಮ್ಮ ಕೆಲಸ ಹಿಡಿಸದಿದ್ದರೆ ಇವನ್ನೆಲ್ಲ ಹಿಡಿದು ಅವರು ವಿಜಯನಗರದ ಇನ್ನೊಂದು ಕಚೇರಿಗೆ ಹೋಗಬಹುದು. ಹಾಗೆ ಹೋದವರೂ ಇದ್ದಾರೆ. ಅವರ ಸೈಟು ಒಂದು ದಿನವೂ ನಿಲ್ಲಲಿಲ್ಲ.