ಕೆಳಗಿನ ಸಿಲಿಂಡರು

ಇಂಜಿನ್ನಿನ ತಿರುಗುವಿಕೆಯನ್ನು ಗೇರುಪೆಟ್ಟಿಗೆಯಿಂದ ಬೇಕೆಂದಾಗ ಬಿಡಿಸಿ ಮತ್ತೆ ಕೂಡಿಸುವ ಅಂಗವೇ ಕ್ಲಚ್ಚಾಗಿದ್ದು, ಅದನ್ನು ಮಾರುತಿ 800ರಂಥ ಸಣ್ಣ ಕಾರುಗಳಲ್ಲಿ ಉಕ್ಕಿನ ಕೇಬಲ್ಲು ಎಳೆದರೆ ಕ್ವಾಲಿಸ್‌ನಂಥ ಭಾರದ ಬಂಡಿಗಳಲ್ಲಿ ಎಣ್ಣೆ ತಳ್ಳುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಕುಂದದೆ ಎಲ್ಲೆಡೆಗೂ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪಾಸ್ಕಲನು ಕಂಡ ನಿಯಮ ಇದಕ್ಕೆ ಆಧಾರ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳ ಬ್ರೇಕನ್ನು ಹಿಡಿದ ದ್ರವದ ಒತ್ತಡ ಮುಂದೆ ಕ್ಲಚ್ಚಿಗೂ ಬಂತು. ಪೆಡಲಿನ ಬಳಿಯದು ಮಾಸ್ಟರ್ ಸಿಲಿಂಡರು, ಗೇರುಪೆಟ್ಟಿಗೆಯ ಮಗ್ಗುಲಲ್ಲಿದ್ದು ಕ್ಲಚ್ಚಿನ ಕವಲುಗೋಲನ್ನು ನೂಕುವುದು ಸ್ಲೇವ್ ಸಿಲಿಂಡರು. ಒಡೆಯ, ಗುಲಾಮ ಎಂಬರ್ಥದ ಈ ಹೆಸರುಗಳನ್ನು ಬಿಟ್ಟು ‘ಮೇಲಿನದು’, ‘ಕೆಳಗಿನದು’ ಎನ್ನುವ ಗ್ಯಾರೇಜಿನ ಮಾತೇ ಹೆಚ್ಚು ಮರ್ಯಾದೆಯದು.

ಇಂಡೊನೇಷ್ಯದ ಕಿಜಾಂಗ್ ಬಂಡಿಯ ಆಧಾರದ ಮೇಲೆ ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಕ್ವಾಲಿಸ್ ನಿಂತುಹೋಗಿ, ಅದರ ಜಾಗಕ್ಕೆ ಇನ್ನೋವಾ ಬಂದು ಎಷ್ಟೋ ಕಾಲವಾಗಿದ್ದರೂ, ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಲ್ಲಿರುವ ಈ ಲೇಖಕನ ತಂದೆ ತಮ್ಮ 2003ರ ಬಂಡಿಯನ್ನು ಕೊಡಲೊಪ್ಪಿದವರಲ್ಲ. ಛತ್ರವೆಂದರೆ ದಾರಿಹೋಕರಿಗೆ ತಂಗಲು ಎಡೆ ಕೊಡುತ್ತಿದ್ದ ಮನೆ; ಊರ ಹೆಸರಿನ ಆ ಧರ್ಮವನ್ನು ಬಂಡಿಯೂ ಪಾಲಿಸುತ್ತ, ಮದುವೆಯ ದಿಬ್ಬಣ, ನಂಜುಂಡೇಶ್ವರನ ದೊಡ್ಡ ಜಾತ್ರೆ, ಕಪಿಲೆ ಕಾವೇರಿಗೆ ಸೇರುವ ತಿ. ನರಸೀಪುರದಲ್ಲಿ ಅಸ್ಥಿ ಬಿಡುವ ದಿನ ಎಂದು ಯಾರು ಕೇಳಿದರೂ ಹತ್ತಿಸಿಕೊಂಡು ಹೋಗುತ್ತಿತ್ತು.

ಒಂದು ಬೆಳಗ್ಗೆ ಒತ್ತಿದ ಪೆಡಲು ನೆಲಕ್ಕಂಟಿ ಮೇಲೇಳದೆ, ಗೇರು ಕರಕರನೆ ಅರಚಿದಾಗ ತಪ್ಪು ಬಂಡಿಯದಾಗಿರಲಿಲ್ಲ. ಈ ಸಿಲಿಂಡರುಗಳಿಗೆ ಹಾಕುವ ಬ್ರೇಕ್ ಆಯಿಲ್ ಹೆಸರಿಗಷ್ಟೇ ಎಣ್ಣೆಯಾಗಿದ್ದು, ಗಾಳಿಯ ತೇವವನ್ನು ಹೀರಿಕೊಳ್ಳುವ ಗ್ಲೈಕಾಲ್ ಜಾತಿಯ ದ್ರವವಾದ್ದರಿಂದ ಅದನ್ನು ಆಗಾಗ ಬದಲಿಸದಿದ್ದರೆ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ಕೊನೆಯ ಸಲ ಬದಲಿಸಿದ್ದು ಯಾವಾಗೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೆಕ್ಯಾನಿಕ್ಕು ಕೆಳಗಿನ ಸಿಲಿಂಡರಿನ ರಬ್ಬರು ಟೊಪ್ಪಿಗೆಯನ್ನು ಸರಿಸಿದೊಡನೆ ಕಾಫಿ ಗಸಿಯಂಥ ಕಪ್ಪು ನೀರು ಅವನ ಮೊಣಕೈಗೆ ಇಳಿಯಿತು. ಒತ್ತಡ ಸೋರದಂತೆ ತಡೆಯುವ ‘ಕಪ್’ ಎಂಬ ರಬ್ಬರು ಬಿಲ್ಲೆಯೊಂದನ್ನೇ ಬದಲಿಸಿ ಮುಗಿಸುವುದು ಅಗ್ಗವಾದರೂ, ಉಗುರಿಗೆ ತಾಕುವಷ್ಟು ಕುಳಿಬಿದ್ದ ಗೋಡೆ ಹೊಸ ಕಪ್ಪನ್ನೂ ಸವೆಸುವುದು ಖಂಡಿತವಾದ್ದರಿಂದ ಇಡೀ ಸಿಲಿಂಡರನ್ನೇ ಬದಲಿಸಲಾಯಿತು.

ಎರಡು ಬೋಲ್ಟುಗಳ ಆ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಏರ್ ತೆಗೆಯುವುದಕ್ಕೆ. ದ್ರವ ಒತ್ತಿದರೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಗುಳ್ಳೆ ಉಳಿದರೆ ಕಾಲಿನ ಬಲವನ್ನೆಲ್ಲ ಅದೇ ನುಂಗಿಬಿಡುತ್ತದೆ. ಆದ್ದರಿಂದ ಮೇಲೊಬ್ಬರು ಪೆಡಲನ್ನು ಒತ್ತಿ ಹಿಡಿದಾಗ ಕೆಳಗಿನವನು ಸಿಲಿಂಡರಿನ ಗಾಳಿ ಬಿಡುವ ನಿಪ್ಪಲ್ಲನ್ನು ಸಡಿಲಿಸಿ, ಗುಳ್ಳೆ ಹೊರಟೊಡನೆ ಬಿಗಿದು, ಆಮೇಲಷ್ಟೇ ಕಾಲೆತ್ತಲು ಹೇಳಬೇಕು. ಮೊದಲೇ ಎತ್ತಿದರೆ ಗಾಳಿ ಮರಳಿ ಒಳಸೇರುತ್ತದೆ. ಪೆಡಲಿನ ಮೇಲೆ ತಂದೆಯೇ ಕುಳಿತರು. “ಯಜಮಾನ್ರೇ, ಒತ್ತಿ... ಹಂಗೇ ಹಿಡ್ಕಳಿ... ಬುಡಿ” ಎಂಬ ಮಾತು ಹತ್ತಾರು ಸಲ ಬಂಡಿಯಡಿಯಿಂದ ಬಂದು, ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಯಿಲ್ಲದ ತಿಳಿದ್ರವ ಹರಿದ ಮೇಲೆ ಮೆಕ್ಯಾನಿಕ್ಕು ನಿಪ್ಪಲ್ಲನ್ನು ಬಿಗಿದು, ಹೊರಗೆ ತೆವಳಿ, ಕೈತೊಳೆದು ಟೀ ತರಲು ಹೋದನು. ತಂದೆ ಮಾತ್ರ, ಕೊನೆಯ ‘ಬುಡಿ’ ಇನ್ನೂ ಬಂದಿಲ್ಲವೆಂದು, ಪೆಡಲನ್ನು ಒತ್ತಿಕೊಂಡೇ ಕುಳಿತಿದ್ದರು.